ಅಕ್ಕನ ಷೇರು, ಎಮಿಲಿಯ ಷೇರು

ಗೌರಿ ಹಬ್ಬದ ಆಸುಪಾಸಿನಲ್ಲಿ ನಮ್ಮ ಅಕ್ಕನ ಮನೆಗೆ ಪ್ರತಿ ವರ್ಷವೂ ಒಂದು ಉದ್ದನೆಯ ಲಕೋಟೆ ಬರುತ್ತಿತ್ತು. ಮೇಲೆ ಪಾರದರ್ಶಕ ಕಾಗದದ ಪುಟ್ಟ ಕಿಟಕಿ, ಕಿಟಕಿಯೊಳಗೆ ಇಂಗ್ಲಿಷಿನಲ್ಲಿ ಅಕ್ಕನ ಹೆಸರು, ಅದರ ಕೆಳಗೆ ನನ್ನ ಹೆಸರು. ಒಳಗಿರುತ್ತಿದ್ದುದು 900 ರೂಪಾಯಿಯ ಡಿವಿಡೆಂಡ್ ವಾರಂಟು. ಅಕ್ಕ ಅದನ್ನು ದೇವರ ಮುಂದಿಟ್ಟು, ಮೂಲೆಗೆ ಅರಿಶಿನ ಕುಂಕುಮ ಹಚ್ಚಿ (ಬ್ಯಾಂಕಿನವರು ಒಮ್ಮೆ ಇದಕ್ಕೆ ಗೊಣಗಿದ್ದೂ ಉಂಟು), ಆಮೇಲೆ ಖಾತೆಗೆ ಹಾಕುತ್ತಿದ್ದಳು. ವಾರ ಕಳೆಯುವುದರೊಳಗೆ ನನಗೆ 450 ರೂಪಾಯಿಯ ಮನಿಯಾರ್ಡರು. ಸಂದೇಶ ಬರೆಯುವ ಜಾಗದಲ್ಲಿ ಒಂದೇ ಮಾತು: ‘ಅಮ್ಮನ ಬಾಗಿನ.’

ಅಪ್ಪ ಸರ್ಕಾರಿ ಕೆಲಸದಿಂದ ನಿವೃತ್ತರಾದಾಗ ಅಮ್ಮನ ಹೆಸರಿನಲ್ಲಿ 300 ಷೇರು ಕೊಂಡಿದ್ದರು. ಕಂಪನಿಯ ಹೆಸರು ಇಲ್ಲಿ ಬೇಡ. ಅಮ್ಮ ಹೋದ ಮೇಲೆ ಅವು ನಮ್ಮಿಬ್ಬರ ಜಂಟಿ ಹೆಸರಿಗೆ ಬಂದವು. ಅಕ್ಕ ದೊಡ್ಡವಳಾದ್ದರಿಂದ ಮೊದಲ ಹೆಸರು ಅವಳದು, ಕಾಗದಪತ್ರದ ಜವಾಬ್ದಾರಿಯೂ ಅವಳದೇ. ಅವಳು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಭಾವ ಬೇಗ ತೀರಿಕೊಂಡಿದ್ದರಿಂದ ಸಂಸಾರದ ಲೆಕ್ಕವನ್ನೆಲ್ಲ ಒಬ್ಬಳೇ ತೂಗಿಸಿದವಳು. ಆ ಕಂಪನಿಯ ಬಗ್ಗೆ ಅವಳದು ಒಂದೇ ಪರೀಕ್ಷೆ. ಡಿವಿಡೆಂಡ್ ಕೊಟ್ಟಿದ್ದಾರಾ? ಕೊಟ್ಟಿದ್ದಾರೆ. ಹಾಗಾದರೆ ಕಂಪನಿ ಚೆನ್ನಾಗಿದೆ. ‘ವರದಿಯಲ್ಲಿ ಏನು ಬೇಕಾದರೂ ಅಚ್ಚು ಹಾಕಿಸಬಹುದು ಕಣೇ, ಚೆಕ್ಕು ಪಾಸಾಗಬೇಕಾದರೆ ಮಾತ್ರ ದುಡ್ಡು ಇರಲೇಬೇಕು’ ಎನ್ನುತ್ತಿದ್ದಳು. ಇದು ದಡ್ಡರ ಮಾತಲ್ಲ. ಷೇರುಪೇಟೆಯ ದೊಡ್ಡ ಗುರುವೆಂದು ಹೆಸರಾದ ಬೆಂಜಮಿನ್ ಗ್ರಹಾಂ ಕೂಡ, ಎಚ್ಚರದಿಂದ ಹಣ ಹೂಡುವವರು 20 ವರ್ಷ ಎಡೆಬಿಡದೆ ಡಿವಿಡೆಂಡ್ ಕೊಟ್ಟ ಕಂಪನಿಯನ್ನೇ ಹುಡುಕಬೇಕು ಎಂದಿದ್ದಾನೆ. ಅಷ್ಟಕ್ಕೇ ನಿಲ್ಲದೆ ಅವನು ಲಾಭವನ್ನೂ ಸಾಲವನ್ನೂ ನೋಡು ಎಂದಿದ್ದ. ಆ ಭಾಗ ನಮ್ಮಿಬ್ಬರಿಗೂ ಆಗ ಗೊತ್ತಿರಲಿಲ್ಲ.

1998ರ ಬೇಸಿಗೆಯಲ್ಲಿ ಅಕ್ಕನಿಂದ ಕಾಗದ ಬಂತು. ಒಂದು ಕಾಲಕ್ಕೆ 140 ರೂಪಾಯಿ ಇದ್ದ ಷೇರು 22ಕ್ಕೆ ಇಳಿದಿದೆಯಂತೆ. ಅವಳ ಗಣಿತ ಹೀಗಿತ್ತು. ಷೇರಿನ ಮುಖಬೆಲೆ 10 ರೂಪಾಯಿ. ಡಿವಿಡೆಂಡ್ ನೂರಕ್ಕೆ 30, ಅಂದರೆ ಷೇರಿಗೆ 3 ರೂಪಾಯಿ. 140 ರೂಪಾಯಿಗೆ ಕೊಂಡವರಿಗೆ ಈ 3 ರೂಪಾಯಿ ನೂರಕ್ಕೆ ಎರಡು ಚಿಲ್ಲರೆ ಮಾತ್ರ. 22ಕ್ಕೆ ಕೊಂಡವರಿಗೆ ನೂರಕ್ಕೆ ಹದಿಮೂರೂವರೆಗಿಂತ ಹೆಚ್ಚು! ಬ್ಯಾಂಕಿನ ಠೇವಣಿಯೂ ಅಷ್ಟು ಕೊಡುವುದಿಲ್ಲ. ಮಗಳ ಮದುವೆಗೆಂದು ಇಟ್ಟ ಹಣದಲ್ಲಿ 22,000 ತೆಗೆದು ಇನ್ನೂ ಸಾವಿರ ಷೇರು ಕೊಳ್ಳುತ್ತೇನೆ, ನೀನೇನು ಹೇಳುತ್ತೀ ಎಂದು ಕೇಳಿದ್ದಳು.

ಲೆಕ್ಕದಲ್ಲಿ ಒಂದು ಕಾಸಿನ ತಪ್ಪಿಲ್ಲ. ಆದರೂ ಆ ಕಾಗದ ಓದಿ ನನಗೆ ಎದೆ ಝಲ್ಲೆಂದಿತು. ಕಾರಣ ಕೇಳಿದರೆ ನೀವು ನಗಬಹುದು. ನಾನು ಆ ದಿನಗಳಲ್ಲಿ ಷಾರ್ಲೆಟ್ ಬ್ರಾಂಟೆಯ ಪತ್ರಗಳನ್ನು ಓದುತ್ತಿದ್ದೆ.

ನಾನು ಮಹಿಳಾ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವಳು. ಬಿ.ಎ. ಮಕ್ಕಳಿಗೆ ‘ಜೇನ್ ಏರ್’ ಹೇಳಿಕೊಡುವಾಗ, ಅನಾಥೆ ಜೇನ್‌ಗೆ ಚಿಕ್ಕಪ್ಪನ 20,000 ಪೌಂಡ್ ಬಂದು ಅವಳು ಅದನ್ನು ನಾಲ್ಕು ಪಾಲು ಮಾಡುವ ಅಧ್ಯಾಯದಲ್ಲಿ ಹುಡುಗಿಯರು ಪ್ರತಿ ವರ್ಷವೂ ನಿಟ್ಟುಸಿರು ಬಿಡುತ್ತಿದ್ದರು. ‘ಇದು ಕಥೆಯಲ್ಲಿ ಮಾತ್ರ ಮಿಸ್’ ಎಂದು ಒಬ್ಬಳು ಅಂದಿದ್ದಳು. ಕಥೆಯಲ್ಲಿ ಮಾತ್ರವೇ ಎಂದು ಹುಡುಕಲು ಹೋಗಿ ನಾನು ಇಂಗ್ಲೆಂಡಿನ ರೈಲ್ವೆ ಷೇರುಗಳ ಚರಿತ್ರೆಯೊಳಗೆ ಇಳಿದುಬಿಟ್ಟೆ.

ಬ್ರಾಂಟೆ ಸೋದರಿಯರು ಮೂವರು: ಷಾರ್ಲೆಟ್, ಎಮಿಲಿ, ಆ್ಯನ್. ತಾಯಿ ಸತ್ತ ಮೇಲೆ ಅವರನ್ನು ಸಾಕಿದವಳು ತಾಯಿಯ ಅಕ್ಕ ಎಲಿಜಬೆತ್ ಬ್ರಾನ್‌ವೆಲ್, ನಮ್ಮ ಮಾತಿನಲ್ಲಿ ದೊಡ್ಡಮ್ಮ. ಮದುವೆಯಾಗದೆ ಯಾರ್ಕ್‌ಶೈರಿನ ಹಾವರ್ತ್ ಎಂಬ ಚಳಿಯೂರಿನಲ್ಲಿ ತಂಗಿಯ ಮಕ್ಕಳಿಗಾಗಿ ಜೀವ ಸವೆಸಿದವಳು. 1842ರಲ್ಲಿ ಅವಳು ತೀರಿಕೊಂಡಾಗ ಉಳಿಸಿದ್ದ ಹಣ ನಾಲ್ವರು ಹೆಣ್ಣುಮಕ್ಕಳಿಗೆ ಹಂಚಿಹೋಯಿತು. ಈ ಮೂವರು, ಇನ್ನೊಬ್ಬಳು ಬೇರೆ ಕಡೆಯ ಸೋದರ ಸಂಬಂಧಿ. ತಲಾ ಸುಮಾರು 300 ಪೌಂಡ್. ಇದರ ತೂಕ ತಿಳಿಯಬೇಕಾದರೆ ಒಂದು ಮಾತು ಸಾಕು. ಅದರ ಹಿಂದಿನ ವರ್ಷ ಷಾರ್ಲೆಟ್ ಇನ್ನೊಬ್ಬರ ಮನೆಯಲ್ಲಿ ಮಕ್ಕಳ ಮೇಡಮ್ಮನಾಗಿ ದುಡಿದಾಗ ವರ್ಷದ ಸಂಬಳ 20 ಪೌಂಡ್, ಅದರಲ್ಲೂ ಬಟ್ಟೆ ಒಗೆತಕ್ಕೆಂದು 4 ಪೌಂಡ್ ಮುರಿದುಕೊಳ್ಳುತ್ತಿದ್ದರು. ದೊಡ್ಡಮ್ಮನ ಬಾಗಿನ ಎಂದರೆ ಹದಿನೈದು ವರ್ಷದ ಚಾಕರಿಯಿಂದ ಬಿಡುಗಡೆ.

ಆ ಹಣವನ್ನು ಅವರು ಯಾರ್ಕ್ ಅಂಡ್ ನಾರ್ತ್ ಮಿಡ್‌ಲ್ಯಾಂಡ್ ಎಂಬ ರೈಲ್ವೆ ಕಂಪನಿಯ ಷೇರಿನಲ್ಲಿ ಹಾಕಿದರು. ನೋಡಿಕೊಂಡವಳು ಯಾರು ಗೊತ್ತೆ? ಎಮಿಲಿ. ಯಾರ ಜತೆಗೂ ಮಾತಾಡದೆ ನಾಯಿಯನ್ನು ಕಟ್ಟಿಕೊಂಡು ಬಯಲು ಸುತ್ತುತ್ತಿದ್ದ, ಮುಂದೆ ‘ವುದರಿಂಗ್ ಹೈಟ್ಸ್’ ಬರೆದ ಎಮಿಲಿ! ಷಾರ್ಲೆಟ್ ಓದಲೆಂದು ಬ್ರಸೆಲ್ಸಿಗೆ ಹೋಗಿದ್ದಾಗ ಎಮಿಲಿಯೇ ಎಲ್ಲರ ಪಾಲನ್ನೂ ನಿರ್ವಹಿಸಿದಳು. ರೈಲಿಗೆ ಸಂಬಂಧಪಟ್ಟ ಸುದ್ದಿಯನ್ನೂ ಜಾಹೀರಾತನ್ನೂ ಒಂದೂ ಬಿಡದೆ ಪತ್ರಿಕೆಗಳಲ್ಲಿ ಓದಿ ವ್ಯವಹಾರ ಕಲಿತಳು ಎಂದು ಷಾರ್ಲೆಟ್ ತನ್ನ ಹಳೆಯ ಶಾಲೆಯ ಗುರು ಮಿಸ್ ವೂಲರ್‌ಗೆ ಹೆಮ್ಮೆಯಿಂದ ಬರೆದಿದ್ದಾಳೆ. ಸಟ್ಟಾ ಆಡಲಿಲ್ಲ, ಕೊಂಡರು, ಇಟ್ಟುಕೊಂಡರು, ಡಿವಿಡೆಂಡ್ ಪಡೆದರು. ಥೇಟ್ ನಮ್ಮ ಅಕ್ಕನ ಹಾಗೆಯೇ.

ಆ ಕಂಪನಿಯ ಅಧ್ಯಕ್ಷ ಜಾರ್ಜ್ ಹಡ್ಸನ್. ಮೂಲತಃ ಯಾರ್ಕ್ ಪಟ್ಟಣದ ಬಟ್ಟೆ ವ್ಯಾಪಾರಿ. 1827ರಲ್ಲಿ ಅವನಿಗೂ ಒಂದು ಆಸ್ತಿ ಬಂತು, ಅಜ್ಜನ ಕಡೆಯ ನೆಂಟನಿಂದ 30,000 ಪೌಂಡ್. 1840ರ ದಶಕದ ಮಧ್ಯಕ್ಕೆ ಸಾವಿರ ಮೈಲಿಗೂ ಮಿಕ್ಕಿ ರೈಲುದಾರಿ ಅವನ ಹಿಡಿತದಲ್ಲಿ. ಜನ ಅವನನ್ನು ರೈಲುರಾಜ ಎಂದೇ ಕರೆದರು. 1845ರಲ್ಲಿ ಪಾರ್ಲಿಮೆಂಟಿಗೂ ಆರಿಸಿಬಂದ. ಅವನ ರಾಜ್ಯದ ಗುಟ್ಟು ಡಿವಿಡೆಂಡೇ. ಯಾರ್ಕ್ ಅಂಡ್ ನಾರ್ತ್ ಮಿಡ್‌ಲ್ಯಾಂಡ್ ನೂರಕ್ಕೆ 10 ಕೊಡುತ್ತಿತ್ತು. ಬೇರೆ ಕಂಪನಿಗಳ ಷೇರುದಾರರು, ನಮಗೂ ಹಡ್ಸನ್ ಬೇಕು ಎಂದು ಕರೆಯುವಂತಾಯಿತು. ರೈಲು ಹೇಗೆ ಓಡುತ್ತಿದೆ, ಹಳಿಗೆ ಎಷ್ಟು ಖರ್ಚಾಗಿದೆ, ಯಾರಿಗೆ ಬೇಕು? ಹತ್ತು ಕೊಡುತ್ತಾನೆ, ಅಷ್ಟೇ.

1845, 46ರಲ್ಲಿ ಇಂಗ್ಲೆಂಡಿಗೆ ರೈಲಿನ ಹುಚ್ಚು ಹಿಡಿಯಿತು. 1846ರ ಒಂದೇ ವರ್ಷದಲ್ಲಿ 250ಕ್ಕೂ ಹೆಚ್ಚು ರೈಲ್ವೆ ಕಾಯ್ದೆಗಳು ಪಾಸಾದವು. ಪಾದ್ರಿಗಳು, ವಿಧವೆಯರು, ಮದುವೆಯಾಗದ ಹೆಣ್ಣುಮಕ್ಕಳು ಎಲ್ಲರೂ ಷೇರುದಾರರು. ಇದರಲ್ಲಿ ಆಶ್ಚರ್ಯವಿಲ್ಲ. ಆ ಕಾಲದ ಹೆಂಗಸಿಗೆ ಮಾನವಾಗಿ ದುಡಿಯಲು ಇದ್ದ ದಾರಿ ಒಂದೋ ಎರಡೋ. ಕೂತಲ್ಲಿಗೆ ವರ್ಷಕ್ಕೆರಡು ಸಲ ಬರುವ ದುಡ್ಡು ಅವಳಿಗೆ ಮರ್ಯಾದೆಯ ಅನ್ನ.

ಮನೆಯಲ್ಲಿ ಮೊದಲು ಭಯಪಟ್ಟವಳು ಷಾರ್ಲೆಟ್. 1846ರ ಜನವರಿಯಲ್ಲಿ ಮಿಸ್ ವೂಲರ್‌ಗೆ ಬರೆದ ಪತ್ರವನ್ನು ನಾನು ಎಷ್ಟು ಸಲ ಓದಿದ್ದೇನೋ. ಯಾರ್ಕ್ ಅಂಡ್ ನಾರ್ತ್ ಮಿಡ್‌ಲ್ಯಾಂಡ್ ಒಳ್ಳೆಯ ಕಂಪನಿಯೇ ಇರಬಹುದು, ಆದರೆ ಒಳ್ಳೆಯ ಕಂಪನಿಯೂ ಈ ಬೆಲೆಯಲ್ಲಿ ಎಷ್ಟು ದಿನ ನಿಂತೀತು, ಕಾಲ ಮೀರುವ ಮೊದಲು ಮಾರಿ ಹಣವನ್ನು ಭದ್ರವಾದ ಕಡೆ ಇಡೋಣ ಎಂಬುದು ಅವಳ ಆಸೆ. ತಂಗಿಯರು ಒಪ್ಪುವುದಿಲ್ಲ. ತಾನು ದೂರದಲ್ಲಿದ್ದಾಗ ಎಮಿಲಿ ತನ್ನ ಹಿತವನ್ನು ಅಷ್ಟು ಚೆನ್ನಾಗಿ ಕಾಪಾಡಿದಳು, ಈಗ ಅವಳ ಮಾತಿಗೆ ವಿರುದ್ಧ ಹೋಗಿ ಮನಸ್ಸು ನೋಯಿಸುವುದಕ್ಕಿಂತ ನಷ್ಟದ ಅಪಾಯವೇ ವಾಸಿ. ಇದು ಆ ಪತ್ರದ ಸಾರ.

ಅರ್ಥಶಾಸ್ತ್ರದ ಯಾವ ಪುಸ್ತಕದಲ್ಲೂ ಈ ವಾಕ್ಯಕ್ಕೆ ಜಾಗವಿಲ್ಲ. ಅಕ್ಕತಂಗಿಯರಿರುವ ಯಾವ ಮನೆಯಲ್ಲೂ ಇದನ್ನು ವಿವರಿಸಬೇಕಾದ ಅಗತ್ಯವೂ ಇಲ್ಲ.

ಒಡೆದದ್ದು 1849ರಲ್ಲಿ. ಹಡ್ಸನ್ ತನ್ನ ಸ್ವಂತ ಷೇರುಗಳನ್ನು ತಾನೇ ಅಧ್ಯಕ್ಷನಾಗಿದ್ದ ಕಂಪನಿಗೆ ಮಾರುಕಟ್ಟೆಗಿಂತ ಹೆಚ್ಚಿನ ಬೆಲೆಗೆ ಮಾರಿದ್ದು ಮೊದಲು ಬೆಳಕಿಗೆ ಬಂತು. ಒಂದೊಂದೇ ಕಂಪನಿಯಲ್ಲಿ ಷೇರುದಾರರ ತನಿಖಾ ಸಮಿತಿಗಳು ಕೂತವು. ಅವನ ವಶದಲ್ಲಿದ್ದ ಈಸ್ಟರ್ನ್ ಕೌಂಟೀಸ್ ರೈಲ್ವೆಯ ಲೆಕ್ಕ ತೆಗೆದರೆ, ಹಂಚಿದ ಡಿವಿಡೆಂಡಿನಲ್ಲಿ ದೊಡ್ಡ ಪಾಲು ಸಂಪಾದನೆಯಿಂದ ಬಂದದ್ದೇ ಅಲ್ಲ, ಬಂಡವಾಳದಿಂದ ತೆಗೆದದ್ದು. ಮೊದಲು ಇಷ್ಟು ಡಿವಿಡೆಂಡ್ ಕೊಡಬೇಕೆಂದು ತೀರ್ಮಾನ, ಆಮೇಲೆ ಅದಕ್ಕೆ ಹೊಂದುವಂತೆ ಲೆಕ್ಕ. ಹೊಸ ಷೇರು ಕೊಂಡವರ ಹಣ ಹಳೆಯ ಷೇರುದಾರರ ಲಕೋಟೆಗೆ ಹೋಗುತ್ತಿತ್ತು. ಬಿತ್ತನೆಯ ಭತ್ತವನ್ನೇ ಕುಟ್ಟಿ ಹಬ್ಬದ ಅಡಿಗೆ ಮಾಡಿದಂತೆ. ಉಂಡವರು ಈ ಮನೆಯಲ್ಲಿ ಎಷ್ಟು ಸಮೃದ್ಧಿ ಎಂದು ಹರಸಿ ಎದ್ದರು. ತಮಾಷೆಯೆಂದರೆ, ಬಂಡವಾಳ ಕರಗಿಸಿ ಡಿವಿಡೆಂಡ್ ಹಂಚಕೂಡದೆಂಬ ಮಾತು 1845ರ ಇಂಗ್ಲಿಷ್ ಕಾಯ್ದೆಯಲ್ಲೇ ಇತ್ತು.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಈ ಸೋದರಿಯರ ಒಬ್ಬನೇ ತಮ್ಮ ಬ್ರಾನ್‌ವೆಲ್ (ಷಾರ್ಲೆಟ್‌ಗೆ ತಮ್ಮ, ಉಳಿದಿಬ್ಬರಿಗೆ ಅಣ್ಣ) ಬೇರೊಂದು ರೈಲ್ವೆಯ ಸಣ್ಣ ಸ್ಟೇಷನ್ನಿನಲ್ಲಿ ಗುಮಾಸ್ತನಾಗಿದ್ದ. 1842ರಲ್ಲಿ ಲೆಕ್ಕ ತಪಾಸಣೆಯಾದಾಗ 11 ಪೌಂಡ್ ಚಿಲ್ಲರೆ ಕಡಿಮೆ ಬಂತೆಂದು ಅವನನ್ನು ಮನೆಗೆ ಕಳುಹಿಸಿದರು. ಹನ್ನೊಂದು ಪೌಂಡ್! ರೈಲುರಾಜನ ಲೆಕ್ಕವನ್ನು ಆಗ ಯಾರೂ ಕೇಳುತ್ತಿರಲಿಲ್ಲ.

ಷಾರ್ಲೆಟ್ 1849ರ ಸೆಪ್ಟೆಂಬರಿನಲ್ಲಿ ತನ್ನ ಪ್ರಕಾಶಕ ಜಾರ್ಜ್ ಸ್ಮಿತ್‌ನ ಸಲಹೆ ಕೇಳಿ ಬರೆದಾಗ ಅಂಕಿಗಳನ್ನು ಕೊಟ್ಟಿದ್ದಾಳೆ. ಷೇರಿನ ಮೂಲ ಬೆಲೆ 50 ಪೌಂಡ್, ಒಮ್ಮೆ 120ಕ್ಕೆ ಏರಿತ್ತು, ಈಗ 20, ಈ ಅರ್ಧ ವರ್ಷ ಡಿವಿಡೆಂಡ್ ಬರುವುದೇ ಅನುಮಾನ. ಅಕ್ಕನ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ನಾನು ಲೆಕ್ಕ ಹಾಕಿದೆ. 50 ಪೌಂಡಿಗೆ ನೂರಕ್ಕೆ 10 ಎಂದರೆ 5 ಪೌಂಡ್. 120ಕ್ಕೆ ಕೊಂಡವನಿಗೆ ಅದು ನೂರಕ್ಕೆ ನಾಲ್ಕು ಚಿಲ್ಲರೆ. 20ಕ್ಕೆ ಇಳಿದಾಗ ಹಳೆಯ ಡಿವಿಡೆಂಡನ್ನೇ ನಂಬಿ ಕೊಳ್ಳುವವನಿಗೆ ಕಾಗದದ ಮೇಲೆ ನೂರಕ್ಕೆ 25! ಕಂಪನಿ ಕೆಟ್ಟಷ್ಟೂ ಬೆಲೆ ಇಳಿಯುತ್ತದೆ, ಬೆಲೆ ಇಳಿದಷ್ಟೂ ಹಳೆಯ ಡಿವಿಡೆಂಡ್ ದೊಡ್ಡದಾಗಿ ಕಾಣುತ್ತದೆ. ಜ್ವರ ಬಂದು ಕೆಂಪಾದ ಮುಖವನ್ನು ಕಳೆ ಎಂದುಕೊಂಡ ಹಾಗೆ. ಅಕ್ಕ ಭಾಗಿಸಿದ್ದು ಕಳೆದ ವರ್ಷದ 3 ರೂಪಾಯಿಯನ್ನು, ಈ ವರ್ಷದ 22ರಿಂದ. ಪೇಟೆಯವರು ಮುಂದಿನ ವರ್ಷದ ಸುದ್ದಿ ತಿಳಿದೇ 22 ಎಂದಿದ್ದರೋ ಏನೋ.

ಲಕೋಟೆಯೊಳಗಿನ ಹಣ ಎಲ್ಲಿಂದ ಹೊರಟಿತು ಎಂಬ ಪ್ರಶ್ನೆಗೆ ನಮ್ಮ ದೇಶದ ಚರಿತ್ರೆಯಲ್ಲೂ ಒಂದು ಉತ್ತರವಿದೆ. ಹಡ್ಸನ್ ಬಿದ್ದ 1849ರಲ್ಲೇ ಈಸ್ಟ್ ಇಂಡಿಯಾ ಕಂಪನಿ ಇಲ್ಲಿ ರೈಲು ಹಾಕಲು ಲಂಡನ್ನಿನ ಕಂಪನಿಗಳ ಜತೆ ಕರಾರು ಮಾಡಿಕೊಂಡಿತು. ರೈಲು ಓಡಲಿ ಬಿಡಲಿ, ಬಂಡವಾಳದ ಮೇಲೆ ನೂರಕ್ಕೆ 5 ಖಾತರಿ. ಗಳಿಕೆ ಸಾಲದಿದ್ದರೆ ಕೊರತೆಯನ್ನು ತುಂಬುವುದು ಭಾರತದ ಬೊಕ್ಕಸ. ಅಂದರೆ ನಮ್ಮ ರೈತರ ಕಂದಾಯ. ಸುಟ್ಟುಕೊಂಡಿದ್ದ ಇಂಗ್ಲೆಂಡಿನ ಮಧ್ಯಮ ವರ್ಗದವರಿಗೆ ಇದಕ್ಕಿಂತ ಭದ್ರವಾದ ಷೇರು ಇನ್ನೊಂದಿರಲಿಲ್ಲ. ಮದ್ರಾಸ್ ರೈಲ್ವೆಗೂ ಇದೇ ಖಾತರಿ ಇತ್ತು. 1864ರಲ್ಲಿ ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡಿಗೆ ಮೊದಲ ರೈಲು ಬಂದದ್ದು ಆ ಹಣದಿಂದಲೇ. ಹೇಗೂ ಐದು ಬರುತ್ತದೆಂದ ಮೇಲೆ ಮಿತವ್ಯಯ ಯಾರಿಗೆ ಬೇಕು? ದಾರಿಗಳ ಖರ್ಚು ಮೊದಲ ಅಂದಾಜಿನ ಎರಡು ಪಟ್ಟು ದಾಟಿತು. ಖಾತರಿಯಿದ್ದ ಮೇಲೆ ಹಣವನ್ನು ಹೂಗ್ಲಿ ನದಿಗೆ ಎಸೆದರೂ ಹೂಡಿದವನಿಗೆ ಒಂದೇ ಎಂಬ ಅರ್ಥದ ಮಾತನ್ನು, ಇಲ್ಲಿ ಹಣಕಾಸು ಸದಸ್ಯನಾಗಿದ್ದ ವಿಲಿಯಂ ಮ್ಯಾಸಿಯೇ 1872ರಲ್ಲಿ ಪಾರ್ಲಿಮೆಂಟಿನ ಸಮಿತಿಯೆದುರು ಹೇಳಿದ. ಯಾವುದೋ ಇಂಗ್ಲಿಷ್ ಹಳ್ಳಿಯ ಒಂಟಿ ಹೆಂಗಸು ತನ್ನ ಲಕೋಟೆ ಬಿಚ್ಚುವಾಗ ಇಲ್ಲಿಯ ಯಾರ ಗದ್ದೆಯ ದುಡ್ಡು ಇದು ಎಂದು ಯೋಚಿಸಿರಲಾರಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಮಗೆ ಬಂದ 450 ರೂಪಾಯಿ ಎಲ್ಲಿಂದ ಬಂತೆಂದು ನಾನಾದರೂ ಯಾವಾಗ ಕೇಳಿದ್ದೆ?

ಆ ಸಲ ಕೇಳಿದೆ. ಲಕೋಟೆಯ ಜತೆಗೇ ಬರುವ ವಾರ್ಷಿಕ ವರದಿಗಳನ್ನು ಅಕ್ಕ ಎಸೆದಿರಲಿಲ್ಲ, ಅಡಿಗೆಮನೆಯ ಕಪಾಟಿನ ಹಲಗೆಗೆ ಹಾಸಿದ್ದಳು. ಗೌರಿ ಹಬ್ಬಕ್ಕೆ ಹೋದಾಗ ಸಾಸಿವೆ, ಜೀರಿಗೆ ಡಬ್ಬಿಗಳನ್ನೆತ್ತಿ ನಾಲ್ಕು ವರ್ಷದ ವರದಿ ಹೊರಗೆ ತೆಗೆದೆ. ಕಾಲೇಜಿನ ಕಾಮರ್ಸ್ ಮೇಡಂ ಎಲ್ಲಿ ನೋಡಬೇಕೆಂದು ಹೇಳಿಕೊಟ್ಟಿದ್ದರು. ಷೇರಿಗೆ 3 ರೂಪಾಯಿ ಹಂಚಿದ್ದ ವರ್ಷ ಕಂಪನಿ ಷೇರಿಗೆ ಗಳಿಸಿದ್ದು 1 ರೂಪಾಯಿ 20 ಪೈಸೆ. ಉಳಿದದ್ದು ಹಿಂದಿನ ವರ್ಷಗಳಲ್ಲಿ ಉಳಿಸಿಟ್ಟ ಲಾಭದಿಂದ. ಇದೇನೂ ಕಾನೂನಿಗೆ ವಿರುದ್ಧವಲ್ಲ. ಆದರೆ ನಾಲ್ಕು ವರ್ಷದಲ್ಲಿ ಬ್ಯಾಂಕಿನ ಸಾಲ ಮೂರು ಪಟ್ಟಾಗಿತ್ತು, ಗಿರಾಕಿಗಳಿಂದ ಬರಬೇಕಾದ ಬಾಕಿ ವರ್ಷ ವರ್ಷವೂ ಬೆಳೆದಿತ್ತು. ಸರಕು ಹೋಗುತ್ತಿದೆ, ದುಡ್ಡು ಬರುತ್ತಿಲ್ಲ, ಸಾಲ ತಂದು ನಡೆಸುತ್ತಿದ್ದಾರೆ. ನಡುವೆ ನಮಗೆ ಬಾಗಿನ ಮಾತ್ರ ತಪ್ಪಿಲ್ಲ.

ನನ್ನ ಕೈಚೀಲದಲ್ಲಿ ಅಮ್ಮನ 300 ಷೇರಿನ ವರ್ಗಾವಣೆ ಫಾರಂ ಇತ್ತು. ನನ್ನ ಸಹಿ ಹಾಕಿ ತಂದಿದ್ದೆ, ಅವಳದೂ ಆದರೆ ಮಾರಬಹುದಿತ್ತು. ಹೊಸ ಸಾವಿರ ಷೇರು ಬೇಡವೇ ಬೇಡ ಎಂದೂ ಹೇಳಬೇಕೆಂದಿದ್ದೆ. ಅಕ್ಕ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು. ಆ ವರ್ಷದ ವಾರಂಟು ದೇವರ ಮುಂದಿತ್ತು, ಮೂಲೆಯಲ್ಲಿ ಕುಂಕುಮ. ‘ನೋಡೇ, ಅಮ್ಮ ಈ ಸಲವೂ ಮರೆಯಲಿಲ್ಲ’ ಎಂದಳು.

‘ಅಕ್ಕಾ, ಸಾಲ ಜಾಸ್ತಿ ಇದೆಯಲ್ಲೇ’ ಎಂದೆ. ಅಷ್ಟೇ ಬಂದದ್ದು ಬಾಯಿಗೆ. ‘ಸಾಲ ಇಲ್ಲದ ಸಂಸಾರ ಯಾವುದಿದೆ?’ ಎಂದು ನಕ್ಕಳು. ಫಾರಂ ಕೈಚೀಲದಲ್ಲೇ ಉಳಿಯಿತು.

ದೀಪಾವಳಿಯ ಹೊತ್ತಿಗೆ ಅವಳು ಸಾವಿರ ಷೇರು ಕೊಂಡಳು. ಮುಂದಿನ ಗೌರಿ ಹಬ್ಬಕ್ಕೆ ಲಕೋಟೆ ಬಂತು, ಒಳಗೆ ವಾರಂಟು ಇರಲಿಲ್ಲ, ವರದಿ ಮಾತ್ರ. ಅದರ ಮರುವರ್ಷವೂ ಇಲ್ಲ. ಷೇರಿನ ಬೆಲೆ 4 ರೂಪಾಯಿಗೆ ಬಂದು, ಆಮೇಲೆ ಪತ್ರಿಕೆಯ ಪಟ್ಟಿಯಿಂದಲೇ ಮಾಯವಾಯಿತು. ಮಗಳ ಮದುವೆ ನಿಲ್ಲಲಿಲ್ಲ, ಭವಿಷ್ಯನಿಧಿಯಿಂದ ಸಾಲ ತೆಗೆದು ಮಾಡಿದಳು. ಆದರೆ ಆ ವರ್ಷವೂ ನನಗೆ ಮನಿಯಾರ್ಡರು ಬಂತು, 450 ರೂಪಾಯಿಯೇ, ‘ಅಮ್ಮನ ಬಾಗಿನ’ ಎಂದು ಬರೆದು. ತನ್ನ ಸಂಬಳದಿಂದ ಕಳುಹಿಸಿದ್ದಳು. ಹಡ್ಸನ್ ಬಂಡವಾಳದಿಂದ ಡಿವಿಡೆಂಡ್ ಕೊಟ್ಟ ಕಥೆಯನ್ನು ಹುಡುಗಿಯರಿಗೆ ಹೇಳುವಾಗ ನಾನು ಅವನನ್ನು ಬಯ್ಯುತ್ತಿದ್ದೆ. ಆ ಮನಿಯಾರ್ಡರಿಗೆ ಸಹಿ ಹಾಕುವಾಗ ಅಂಚೆಯವನೆದುರು ಕಣ್ಣು ತುಂಬಿಬಂತು.

ಷಾರ್ಲೆಟ್‌ಗೂ ಪೂರಾ ನಷ್ಟವಾಗಲಿಲ್ಲ ಅನ್ನಬೇಕು. ಅಷ್ಟು ಹೊತ್ತಿಗೆ ‘ಜೇನ್ ಏರ್’ ಅವಳಿಗೆ 500 ಪೌಂಡ್ ತಂದಿತ್ತು. ಎಷ್ಟೋ ಜನ ದಿನದ ಅನ್ನವನ್ನೇ ಕಳೆದುಕೊಂಡಿರುವಾಗ ಮುಂದಿನ ದಿನಗಳ ಆಸರೆಯನ್ನು ಮಾತ್ರ ಕಳೆದುಕೊಂಡವರು ದೂರಬಾರದು ಎಂದು ಸ್ಮಿತ್‌ಗೆ ಬರೆದಳು. ತಂದೆಗೆ ಪೂರ್ತಿ ವಿಷಯ ತಿಳಿಸಲಿಲ್ಲ. ಹಡ್ಸನ್ ಸಾಲಗಾರರಿಗೆ ಹೆದರಿ ದೇಶಬಿಟ್ಟು, 1865ರಲ್ಲಿ ಯಾರ್ಕಿನಲ್ಲೇ ಸಾಲದ ಜೈಲು ಕಂಡು, 1871ರಲ್ಲಿ ಸತ್ತ. ಹಾವರ್ತ್‌ಗೆ ರೈಲು ಬಂದದ್ದು 1867ರಲ್ಲಿ. ಆಗ ಆ ಮನೆಯವರು ಒಬ್ಬರೂ ಉಳಿದಿರಲಿಲ್ಲ.

ಈಗ ಡಿವಿಡೆಂಡ್ ಸದ್ದಿಲ್ಲದೆ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ, ಕುಂಕುಮ ಹಚ್ಚಲು ಕಾಗದವೇ ಇಲ್ಲ. ಅಕ್ಕನಿಗೆ ಎಂಬತ್ತು ದಾಟಿದೆ. ಹೋದ ವರ್ಷ ಅವಳ ಕಪಾಟು ಚೊಕ್ಕ ಮಾಡುವಾಗ ಹಳೆಯ ವರದಿಗಳು ಮತ್ತೆ ಸಿಕ್ಕವು, ಎಣ್ಣೆಯ ಡಬ್ಬಿಯ ಗುಂಡು ಗುರುತುಗಳ ಸಮೇತ. ಅಂದು ಮೊದಲ ಸಲ ಅವಳಿಗೆ ಎಲ್ಲ ಹೇಳಿದೆ, ವರ್ಗಾವಣೆ ಫಾರಂನ ವಿಷಯ, ಷಾರ್ಲೆಟ್ ಬರೆದ ಪತ್ರ, ರೈಲ್ವೆ ಷೇರು, ಎಲ್ಲ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಸುಮ್ಮನೆ ಕೇಳಿದಳು.

‘ಆ ಎಮಿಲಿಗೆ ಎಷ್ಟು ಸಂಕಟವಾಯಿತೋ ಪಾಪ, ತನ್ನಿಂದ ಹೀಗಾಯಿತಲ್ಲ ಅಂತ’ ಎಂದಳು ಕೊನೆಗೆ.

‘ಇಲ್ಲ ಅಕ್ಕ. ಹಡ್ಸನ್ನನ ಗುಟ್ಟು ಬಯಲಾದದ್ದು 1849ರಲ್ಲಿ. ಎಮಿಲಿ ಅದರ ಹಿಂದಿನ ಡಿಸೆಂಬರಿನಲ್ಲೇ ತೀರಿಕೊಂಡಿದ್ದಳು’ ಎಂದೆ.

‘ಸದ್ಯ’ ಎಂದಳು ಅಕ್ಕ. ವರದಿಗಳ ಧೂಳು ಕೊಡವಿ ಮತ್ತೆ ಕಪಾಟಿಗೆ ಹಾಸಿದಳು.